ಫೈಟರ್ ವಿಮಾನದ ತಲೆಮಾರು: ಆಮೇಲೆ ಸೇರಿಸಲಾಗದ್ದು ಯಾವುದು?

ನಾಲ್ಕನೇ ತಲೆಮಾರು, ನಾಲ್ಕೂವರೆ, ಐದನೆಯದು, ಈಗ ಆರನೆಯದು. ಯಾವುದೋ ಮಂಡಳಿ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಟ್ಟಿದೆಯೇನೋ ಎನ್ನುವಷ್ಟು ಖಚಿತವಾಗಿ ಯುದ್ಧವಿಮಾನದ ಸುದ್ದಿಗಳಲ್ಲಿ ಈ ಸಂಖ್ಯೆಗಳು ಬರುತ್ತವೆ. ಅಂಥ ಮಂಡಳಿ ಯಾವುದೂ ಇಲ್ಲ. 1990ರಲ್ಲಿ ವಾಯುಯಾನ ಇತಿಹಾಸಕಾರ ರಿಚರ್ಡ್ ಹಾಲಿಯನ್ ಜೆಟ್ ಫೈಟರ್‌ಗಳನ್ನು ಆರು ತಲೆಮಾರುಗಳಾಗಿ ವಿಂಗಡಿಸಿದಾಗ, ಇಂದು ಎಲ್ಲರೂ ನಾಲ್ಕನೆಯದು ಎನ್ನುವ ಎಫ್-16 ಅವರ ಪಟ್ಟಿಯಲ್ಲಿ ಆರನೆಯದಾಗಿತ್ತು. ಚೀನಾದವರ ಹಳೆಯ ಲೆಕ್ಕದಲ್ಲಿ ಜೆ-20 ನಾಲ್ಕನೇ ತಲೆಮಾರು. ಅದೇ ವಿಮಾನ ಉಳಿದವರಿಗೆ ಐದನೆಯದು. 'ಐದನೇ ತಲೆಮಾರು' ಎಂಬ ಮಾತು ಮೊದಲು ರಷ್ಯನ್ನರ ಬಾಯಲ್ಲಿ ಓಡಾಡುತ್ತಿತ್ತು. ಎಫ್-22, ಎಫ್-35 ಮಾರುವಾಗ ಲಾಕ್‌ಹೀಡ್ ಮಾರ್ಟಿನ್ ಅದನ್ನು ಎತ್ತಿಕೊಂಡು ಜಗತ್ತಿಗೆಲ್ಲ ಹಂಚಿತು.

ಹಾಗಾದರೆ ಈ ಸಂಖ್ಯೆಗಳೆಲ್ಲ ಬರೀ ಜಾಹೀರಾತೇ? ಪೂರ್ತಿ ಅಲ್ಲ. ಹಳೆಯ ವಿಮಾನಗಳಿಗೆ ಹೊಸ ಉಪಕರಣ ಕೂರಿಸುವ ಅಪ್‌ಗ್ರೇಡ್ ಕೆಲಸದವನಾಗಿ ನನ್ನದೊಂದು ಅಳತೆಗೋಲಿದೆ. ಹೊಸ ಪೆಟ್ಟಿಗೆಯೊಂದು ಮೇಜಿನ ಮೇಲೆ ಬಂದರೆ ನಾವು ಮೊದಲು ಕೇಳುವುದು ನಾಲ್ಕೇ: ಜಾಗ ಎಲ್ಲಿ, ತೂಕ ಎಷ್ಟು, ಕರೆಂಟು ಎಲ್ಲಿಂದ, ಶಾಖ ಎಲ್ಲಿಗೆ? ಈ ನಾಲ್ಕಕ್ಕೂ ಉತ್ತರ ಸಿಕ್ಕರೆ ಆ ಸಾಮರ್ಥ್ಯವನ್ನು ಹಳೆಯ ವಿಮಾನಕ್ಕೂ ಕೊಡಬಹುದು, ಅದಕ್ಕಾಗಿ ಹೊಸ ತಲೆಮಾರು ಬೇಕಿಲ್ಲ. ಎಷ್ಟು ಖರ್ಚು ಮಾಡಿದರೂ ಆಮೇಲೆ ಸೇರಿಸಲಾಗದ್ದು ಇದೆಯಲ್ಲ, ತಲೆಮಾರಿನ ನಿಜವಾದ ಗೆರೆ ಅಲ್ಲಿದೆ.

ಮೊದಲ ಎರಡು ಗೆರೆಗಳಲ್ಲಿ ಹೆಚ್ಚು ತಕರಾರಿಲ್ಲ. ಎರಡನೇ ಮಹಾಯುದ್ಧದ ಕೊನೆಯ ಮಿ-262, ಮೀಟಿಯರ್‌ಗಳಿಂದ ಕೊರಿಯಾ ಯುದ್ಧದ ಮಿಗ್-15, ಸೇಬರ್‌ಗಳವರೆಗಿನದು ಒಂದು ಗುಂಪು: ಜೆಟ್ ಎಂಜಿನ್, ಫಿರಂಗಿ, ಮಟ್ಟಹಾರಾಟದಲ್ಲಿ ಶಬ್ದಕ್ಕಿಂತ ಕಡಿಮೆ ವೇಗ. ಮಿಗ್-21, ಮಿರಾಜ್-3, ಎಫ್-104 ಎರಡನೆಯವು: ಮ್ಯಾಕ್ 2 ಅಂದರೆ ಶಬ್ದದ ಎರಡು ಪಟ್ಟು ವೇಗ, ಎಂಜಿನ್ನಿನ ಹಿಂಬದಿಯಲ್ಲಿ ಇನ್ನಷ್ಟು ಇಂಧನ ಉರಿಸಿ ಬಲ ಹೆಚ್ಚಿಸುವ ಆಫ್ಟರ್‌ಬರ್ನರ್, ಕ್ಷಿಪಣಿ, ಪುಟ್ಟ ರೇಡಾರ್. ಆ 'ಪುಟ್ಟ' ಸುಮ್ಮನೆ ಹೇಳಿದ್ದಲ್ಲ. ಮಿಗ್-21ರಲ್ಲಿ ಎಂಜಿನ್ನಿಗೆ ಗಾಳಿ ಹೋಗುವುದು ಮೂತಿಯಿಂದಲೇ. ರೇಡಾರ್ ಇರುವುದು ಆ ಗಾಳಿದಾರಿಯ ನಡುವಿನ ಶಂಕುವಿನೊಳಗೆ. ಮುಂದೆ ಭಾರತದ ಸುಧಾರಿತ ಮಿಗ್-21 ಆದ ಬೈಸನ್ ಮಾದರಿಗೆ ಹೊಸ ರೇಡಾರ್, ತಲೆ ತಿರುಗಿಸಿಯೇ ಗುರಿ ಹಿಡಿಯುವ ಹೆಲ್ಮೆಟ್ ಸೈಟ್, ಆರ್-73 ಕ್ಷಿಪಣಿ ಎಲ್ಲ ಬಂದವು, ಎದುರಾಳಿಗಳು ಅದನ್ನು ಹಗುರವಾಗಿ ಕಾಣುವ ಹಾಗಿರಲಿಲ್ಲ. ಆದರೆ ಆಂಟೆನಾ ಆ ಶಂಕುವಿನ ಅಗಲವನ್ನು ಮೀರುವಂತಿರಲಿಲ್ಲ. ಆ ಅಗಲ ನಿರ್ಧಾರವಾದದ್ದು 1950ರ ದಶಕದಲ್ಲಿ.

ಮೂರನೆಯದು ನನ್ನ ಮಟ್ಟಿಗೆ ಅತ್ಯಂತ ಮಸುಕು ಗೆರೆ. ಎಫ್-4 ಫ್ಯಾಂಟಮ್, ಮಿಗ್-23 ಇಲ್ಲಿ ಬರುತ್ತವೆ. ಕಣ್ಣಿಗೆ ಕಾಣದ ದೂರದಿಂದ ಹೊಡೆಯುವುದು, ಆಕಾಶಕ್ಕೂ ನೆಲಕ್ಕೂ ಒಂದೇ ವಿಮಾನ ಎಂಬುದು ಇವುಗಳ ಗುರುತು. ಮೊದಲ ಫ್ಯಾಂಟಮ್‌ಗಳಲ್ಲಿ ಒಳಗೆ ಕೂರಿಸಿದ ಗನ್ನೇ ಇರಲಿಲ್ಲ, ಕ್ಷಿಪಣಿ ಸಾಕು ಎಂಬ ನಂಬಿಕೆ. ವಿಯೆಟ್ನಾಂನಲ್ಲಿ ಹತ್ತು ಸ್ಪ್ಯಾರೋ ಕ್ಷಿಪಣಿ ಹಾರಿಸಿದರೆ ಒಂದು ತಗಲುವುದೂ ಕಷ್ಟವಾಯಿತು. ಎಫ್-4ಇ ಮಾದರಿಯಲ್ಲಿ ಮೂತಿಯನ್ನು ಉದ್ದ ಮಾಡಿ ಗನ್ ಸೇರಿಸಿದರು. ಇವೆಲ್ಲ ಸೇರಿಸಬಹುದಾದ, ಬದಲಿಸಬಹುದಾದ ಸಂಗತಿಗಳೇ. ಜರ್ಮನಿ 1990ರ ದಶಕದಲ್ಲಿ ತನ್ನ ಫ್ಯಾಂಟಮ್‌ಗಳಿಗೆ ಎಫ್-18ರ ರೇಡಾರನ್ನೂ ಆಮ್ರಾಮ್ ಕ್ಷಿಪಣಿಯನ್ನೂ ಕೊಟ್ಟು 2013ರವರೆಗೆ ಹಾರಿಸಿತು. ದೂರದಿಂದ ಹೊಡೆಯುವ ಕೆಲಸದಲ್ಲಿ ಅವು ಆಗ ಎಷ್ಟನೇ ತಲೆಮಾರಿನವು?

ನಾಲ್ಕನೆಯದಕ್ಕೆ ಬಂದರೆ ಗೆರೆ ಮತ್ತೆ ದಪ್ಪವಾಗುತ್ತದೆ. ಮಿರಾಜ್-3 ಮತ್ತು ಮಿರಾಜ್-2000ರ ಚಿತ್ರಗಳನ್ನು ಅಕ್ಕಪಕ್ಕ ಇಟ್ಟರೆ ಹೊಸಬರಿಗೆ ವ್ಯತ್ಯಾಸವೇ ತಿಳಿಯದು. ಅದೇ ತ್ರಿಕೋನ ರೆಕ್ಕೆ, ಹಿಂದೆ ಅಡ್ಡ ಬಾಲವಿಲ್ಲದ ಅದೇ ಮೈ. ಆದರೆ ಒಳಗೆ ಒಂದು ತಲೆಮಾರು ದಾಟಿದೆ. ಹಳೆಯದನ್ನು ತಾನಾಗಿಯೇ ಸ್ಥಿರವಾಗಿ ಹಾರುವಂತೆ ಮಾಡಿದ್ದರು. ಮೂತಿಯನ್ನು ಎತ್ತಿ ಹಿಡಿಯಬೇಕಾದರೆ ರೆಕ್ಕೆಯ ಹಿಂಚೂಣಿಯ ಫಲಕಗಳನ್ನು ಮೇಲೆತ್ತಿ ಹಿಂಭಾಗವನ್ನು ಕೆಳಗೆ ಒತ್ತಬೇಕು, ಅಂದರೆ ಇರುವ ಲಿಫ್ಟನ್ನೇ, ಮೇಲೆತ್ತುವ ಬಲವನ್ನೇ, ಕಳೆದುಕೊಳ್ಳಬೇಕು. ಹೊಸದರಲ್ಲಿ ತೂಕದ ಕೇಂದ್ರವನ್ನು ಹಿಂದಕ್ಕೆ ಸರಿಸಿ ಆ ಸ್ಥಿರತೆಯನ್ನು ಬೇಕೆಂದೇ ಬಿಟ್ಟುಕೊಟ್ಟರು. ಅಂಗೈ ಮೇಲೆ ನಿಲ್ಲಿಸಿದ ಕೋಲಿನಂತೆ ಬೀಳುವ ವಿಮಾನವನ್ನು ಕಂಪ್ಯೂಟರು ಕ್ಷಣಕ್ಷಣವೂ ಹಿಡಿದು ನಿಲ್ಲಿಸುತ್ತದೆ. ಇದೇ ಫ್ಲೈ-ಬೈ-ವೈರ್. ಲಾಭ: ಅದೇ ರೆಕ್ಕೆಯಲ್ಲಿ ಚುರುಕಾದ ತಿರುವು, ನಿಧಾನವಾದ ಲ್ಯಾಂಡಿಂಗ್.

ಈ ವಿದ್ಯೆ ಸಲೀಸಾಗಿ ಕೈಗೆ ಬಂದದ್ದಲ್ಲ. 1974ರ ಜನವರಿ 20ರಂದು ಎಫ್-16ರ ಮೂಲಮಾದರಿಯನ್ನು ರನ್‌ವೇ ಮೇಲೆ ವೇಗವಾಗಿ ಓಡಿಸಿ ನೋಡುವ ಪರೀಕ್ಷೆ ಮಾತ್ರ ಇತ್ತು, ಹಾರುವ ಯೋಚನೆ ಇರಲಿಲ್ಲ. ವಿಮಾನ ಎಡಬಲಕ್ಕೆ ಹೊಯ್ದಾಡಿ ಬಾಲದ ರೆಕ್ಕೆ ನೆಲಕ್ಕೆ ಉಜ್ಜಿತು. ನೆಲದ ಮೇಲೆ ಹಿಡಿದಿಡುವುದಕ್ಕಿಂತ ಹಾರಿಸುವುದೇ ಕ್ಷೇಮ ಎಂದು ಪೈಲಟ್ ಫಿಲ್ ಓಸ್ಟ್ರಿಕರ್ ನಿರ್ಧರಿಸಿ ಮೇಲೇರಿದರು, ಒಂದು ಸುತ್ತು ಹಾಕಿ ಇಳಿಸಿದರು. ಕಾಗದದ ಮೇಲಿನ 'ಮೊದಲ ಹಾರಾಟ' ಫೆಬ್ರುವರಿ 2ಕ್ಕೆ ನಡೆಯಿತು.

ಇಲ್ಲಿ ನನ್ನ ಅಳತೆಗೋಲೂ ಸ್ವಲ್ಪ ಜಾರುತ್ತದೆ ಎಂಬುದು ನಿಜ. ಎಫ್-15 ಆಗಲಿ ಮೊದಲ ಮಿಗ್-29 ಆಗಲಿ ಫ್ಲೈ-ಬೈ-ವೈರ್ ಅಲ್ಲ, ಆದರೂ ನಾಲ್ಕನೆಯವೇ. ಆದರೆ ವಿಮಾನದ ತೂಕಕ್ಕಿಂತ ಹೆಚ್ಚಿನ ಥ್ರಸ್ಟ್ (ಮುಂದೆ ತಳ್ಳುವ ಬಲ) ಕೊಡುವ ಎಂಜಿನ್‌ಗಳು, ಅದಕ್ಕೆ ತಕ್ಕ ಮೈಕಟ್ಟು, ಇವೂ ಆಮೇಲೆ ಅಂಟಿಸುವಂಥವಲ್ಲ. 'ನಾಲ್ಕೂವರೆ'ಯ ಕಥೆ ಇದಕ್ಕೆ ಉಲ್ಟಾ. ಆಂಟೆನಾ ತಿರುಗಿಸದೆ ಕಿರಣವನ್ನು ಎಲೆಕ್ಟ್ರಾನಿಕ್ ಆಗಿ ಹೊರಳಿಸುವ ಏಸಾ ರೇಡಾರ್, ವಿಮಾನಗಳ ನಡುವೆ ಮಾಹಿತಿ ಸಾಗಿಸುವ ಡೇಟಾಲಿಂಕ್, ಹೊಸ ಎಲೆಕ್ಟ್ರಾನಿಕ್ ಯುದ್ಧ ಸಲಕರಣೆ, ಹೆಚ್ಚಿನವು ಸೇರಿಸಬಹುದಾದವು. ಅದಕ್ಕೇ ಅದು ಅರ್ಧ ಅಂಕ.

ಐದನೆಯದರಲ್ಲಿ ಗಣಿತವೇ ಗೆರೆ ಎಳೆದಿದೆ. ರೇಡಾರ್ ಒಂದು ವಿಮಾನವನ್ನು ಎಷ್ಟು ದೂರದಿಂದ ಕಾಣುತ್ತದೆ ಎಂಬುದು ಆ ವಿಮಾನ ಎಷ್ಟು ಅಲೆಯನ್ನು ಹಿಂದಿರುಗಿಸುತ್ತದೆ ಎಂಬುದರ ನಾಲ್ಕನೇ ಮೂಲವನ್ನು, ಅಂದರೆ ವರ್ಗಮೂಲದ ವರ್ಗಮೂಲವನ್ನು, ಅವಲಂಬಿಸಿದೆ. 200 ಕಿ.ಮೀ. ದೂರದಲ್ಲಿ ಕಾಣುವ ವಿಮಾನಕ್ಕೆ ವಿಶೇಷ ಬಣ್ಣ ಬಳಿದು ಪ್ರತಿಫಲನವನ್ನು ಅರ್ಧಕ್ಕೆ ಇಳಿಸಿದಿರಿ ಎನ್ನಿ. ಅದು 100 ಕಿ.ಮೀ.ವರೆಗೆ ಅಡಗಿರುವುದಿಲ್ಲ, ಸುಮಾರು 168ಕ್ಕೇ ಕಂಡುಬಿಡುತ್ತದೆ. 20 ಕಿ.ಮೀ.ಗೆ ಇಳಿಯಬೇಕಾದರೆ ಪ್ರತಿಫಲನ ಹತ್ತು ಸಾವಿರ ಪಟ್ಟು ಕಡಿಮೆಯಾಗಬೇಕು. ಅದು ಬಣ್ಣದಿಂದ ಆಗುವ ಕೆಲಸವಲ್ಲ. ರೆಕ್ಕೆ, ಬಾಲ, ಬಾಗಿಲುಗಳ ಅಂಚುಗಳೆಲ್ಲ ಕೆಲವೇ ದಿಕ್ಕುಗಳಿಗೆ ಸಮಾಂತರವಾಗಿರಬೇಕು. ಎಂಜಿನ್ ಬ್ಲೇಡು ಎದುರಿನಿಂದ ಕಾಣದಂತೆ ಗಾಳಿದಾರಿ ಬಾಗಬೇಕು. ಕ್ಷಿಪಣಿ ಹೊಟ್ಟೆಯೊಳಗಿರಬೇಕು, ಹಾಗಾಗಿ ಹೊಟ್ಟೆಯೇ ದೊಡ್ಡದಾಗಬೇಕು. ರೇಡಾರಿಗೆ ಸಿಗದಂತೆ ಅಡಗುವ ಈ ವಿದ್ಯೆಯ, ಅಂದರೆ ಸ್ಟೆಲ್ತ್‌ನ, ಮೊದಲ ಪ್ರಯೋಗ ವಿಮಾನ ಹ್ಯಾವ್ ಬ್ಲೂ ಒಮ್ಮೆ ಇದ್ದಕ್ಕಿದ್ದಂತೆ ರೇಡಾರಿನಲ್ಲಿ ಹೊಳೆಯತೊಡಗಿತು; ಹುಡುಕಿದರೆ ಮೂರು ಸ್ಕ್ರೂಗಳು ಪೂರ್ತಿ ಬಿಗಿಯದೆ ಮೇಲ್ಮೈಯಿಂದ ತುಸು ಎದ್ದಿದ್ದವು. ಸ್ಕ್ರೂ ತಲೆಗೇ ಈ ಗತಿಯಾದರೆ ರೆಕ್ಕೆಯ ಕೆಳಗೆ ತೂಗುವ ಕ್ಷಿಪಣಿಯ ಮಾತೇಕೆ?

ಹಳೆಯ ವಿಮಾನಕ್ಕೆ ಸ್ಟೆಲ್ತ್ ಸೇರಿಸುವುದನ್ನೂ ಬೋಯಿಂಗ್ ಪ್ರಯತ್ನಿಸಿ ನೋಡಿತು. ಎಫ್-15ರ ಬದಿಗೆ ಆಯುಧ ಮುಚ್ಚಿಡುವ ತೊಟ್ಟಿ, ಓರೆ ಬಾಲ, ವಿಶೇಷ ಲೇಪ ಎಂದೆಲ್ಲ ಯೋಜಿಸಿ 'ಸೈಲೆಂಟ್ ಈಗಲ್' ಮಾಡಿತು. ಒಬ್ಬರೂ ಕೊಳ್ಳಲಿಲ್ಲ, ದಕ್ಷಿಣ ಕೊರಿಯಾ ಎಫ್-35 ಕಡೆ ಹೋಯಿತು.

ಐದನೆಯದರ ಜೊತೆ ಸೇರಿಸಿ ಹೇಳುವ ಸೂಪರ್‌ಕ್ರೂಸನ್ನು, ಎಂದರೆ ಆಫ್ಟರ್‌ಬರ್ನರ್ ಇಲ್ಲದೆ ಶಬ್ದವನ್ನು ಮೀರಿ ಹಾರುತ್ತಿರುವುದನ್ನು, ನಾನು ಪಟ್ಟಿಯಿಂದ ತೆಗೆದುಬಿಡುತ್ತೇನೆ. ಬ್ರಿಟನ್ನಿನ ಲೈಟ್ನಿಂಗ್‌ನ ಮೂಲಮಾದರಿ 1954ರಲ್ಲೇ ಆಫ್ಟರ್‌ಬರ್ನರ್ ಇಲ್ಲದೆ ಮ್ಯಾಕ್ 1 ದಾಟಿತ್ತು. ಎಫ್-22 ಅದನ್ನು ಚೆನ್ನಾಗಿ ಮಾಡುತ್ತದೆ, ಎಫ್-35ಗೆ ಅದು ಬರುವುದಿಲ್ಲ. ಆದರೂ ಎರಡೂ ಐದನೆಯವೇ.

ಆರನೆಯದಕ್ಕೆ ಕೃತಕ ಬುದ್ಧಿಮತ್ತೆ, ಜೊತೆಗೆ ಹಾರುವ ಡ್ರೋನ್‌ಗಳು ಎಂದು ಜಾಹೀರಾತು ನಡೆದಿದೆ. ಎರಡೂ ಸೇರಿಸಬಹುದಾದವು, ಹಳೆಯ ವಿಮಾನಗಳ ಮೇಲೇ ಪರೀಕ್ಷೆ ಆಗುತ್ತಿವೆ. ನನ್ನ ಕಣ್ಣು ಇರುವುದು ಶಾಖದ ಮೇಲೆ. ಎಫ್-35ಕ್ಕೆ ಹೊಸ ಎಲೆಕ್ಟ್ರಾನಿಕ್ಸ್ ತುಂಬುತ್ತ ಹೋದಂತೆ ಅದರ ತಂಪುಗೊಳಿಸುವ ವ್ಯವಸ್ಥೆ ಮೂಲ ವಿನ್ಯಾಸದ ಮಿತಿ ದಾಟಿತು; ಎಂಜಿನ್ನಿಂದ ಹೆಚ್ಚು ಗಾಳಿ ಕದ್ದು ಕೊಡಬೇಕಾಗಿ ಎಂಜಿನ್ನಿನ ಆಯುಸ್ಸು ಸವೆಯಿತು. ಈಗ ಎಂಜಿನ್ನಿನ ಒಳಭಾಗವನ್ನೇ ಸುಧಾರಿಸಲು ಹೊರಟಿದ್ದಾರೆ. ಹಾರುತ್ತಿರುವಾಗಲೇ ಗಾಳಿಯ ಹರಿವನ್ನು ಬದಲಿಸಿಕೊಳ್ಳುವ ಅಡಾಪ್ಟಿವ್ ಎಂಜಿನ್ ಮುಂದಿನ ವಿಮಾನಗಳಿಗೆ ಬೇಕಾಗಿರುವುದಕ್ಕೆ ಕಾರಣ ಬರೀ ವೇಗವಲ್ಲ, ಕರೆಂಟು ಮತ್ತು ತಂಪು ಕೂಡ. ಇನ್ನೊಂದು, ಬಾಲದ ನೇರ ರೆಕ್ಕೆಗಳನ್ನೇ ತೆಗೆದುಹಾಕುವುದು. ಉದ್ದ ತರಂಗದ ರೇಡಾರ್‌ಗಳಿಗೆ ಅವು ಚೆನ್ನಾಗಿ ಸಿಕ್ಕಿಬೀಳುತ್ತವೆ. 2024ರ ಡಿಸೆಂಬರಿನಲ್ಲಿ ಚೀನಾದ ಆಕಾಶದಲ್ಲಿ ಕಾಣಿಸಿಕೊಂಡ ದೊಡ್ಡ ವಿಮಾನಕ್ಕೆ ಬಾಲವಿಲ್ಲ ಎಂಬುದು ಚಿತ್ರ ನೋಡಿದ ಎಲ್ಲರಿಗೂ ಕಂಡಿತು, ತಕ್ಷಣ 'ಆರನೇ ತಲೆಮಾರು' ಎಂಬ ಪಟ್ಟವೂ ಸಿಕ್ಕಿತು. ಅದರ ಜನರೇಟರ್ ಎಷ್ಟು ಕಿಲೋವಾಟ್ ಕೊಡುತ್ತದೆ, ಆ ಶಾಖವನ್ನು ಎಲ್ಲಿ ಚೆಲ್ಲುತ್ತದೆ ಎಂಬುದು ಮಾತ್ರ ಚಿತ್ರದಲ್ಲಿ ಕಾಣುವುದಿಲ್ಲ.