ಚೈನೀಸ್ ಅಂಗಡಿಯ ತರಕಾರಿ ಅಷ್ಟು ಅಗ್ಗ ಯಾಕೆ? ಹಳೇ ಮಾಲಾ?

ಪ್ರಶ್ನೆ: ಹೊಸದಾಗಿ ನ್ಯೂಯಾರ್ಕ್‌ನ ಕ್ವೀನ್ಸ್‌ಗೆ ಬಂದಿದ್ದೇವೆ. ಫ್ಲಶಿಂಗ್‌ನ ಚೈನೀಸ್ ಅಂಗಡಿಗಳಲ್ಲಿ ತರಕಾರಿ ಸೂಪರ್‌ಮಾರ್ಕೆಟ್‌ಗಿಂತ ತುಂಬಾ ಅಗ್ಗ. ದೊಡ್ಡ ಅಂಗಡಿಯವರು ಬೇಡ ಅಂದ ಹಳೇ ಮಾಲನ್ನು ಇಲ್ಲಿ ತಂದು ಮಾರುತ್ತಾರೆ ಅಂತ ಪರಿಚಯದವರು ಹೇಳಿದರು. ನಿಜವೇ? ಅಲ್ಲಿ ತರಕಾರಿ ತೆಗೆದುಕೊಳ್ಳಬಹುದೇ?

ತೆಗೆದುಕೊಳ್ಳಬಹುದು. ಧಾರಾಳವಾಗಿ.

ಇಷ್ಟು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಈ ಪ್ರಶ್ನೆ ಪ್ರತಿ ಬೇಸಿಗೆಯಲ್ಲೂ ಬರುತ್ತದೆ. ಬೌನ್ ಸ್ಟ್ರೀಟ್‌ನ ಗಣೇಶನ ಗುಡಿಗೆ ಹೋಗಿ, ಅಲ್ಲಿನ ಕ್ಯಾಂಟೀನಿನಲ್ಲಿ ದೋಸೆ ತಿಂದು, ಮೇನ್ ಸ್ಟ್ರೀಟ್‌ನಲ್ಲಿ ಚೀಲದ ತುಂಬ ತರಕಾರಿ ಕೊಂಡವರೇ ಮನೆ ತಲುಪಿದ ಮೇಲೆ ಫೋನ್ ಮಾಡಿ ಕೇಳುತ್ತಾರೆ, ‘ಹಳೇದಾಗಿರಲ್ಲ ಅಲ್ವಾ?’ ಅಂತ. ಕೊಳ್ಳುವಾಗ ಕಣ್ಣು ಎಲ್ಲಿತ್ತು ಅಂತ ಕೇಳಬೇಕು ಅನ್ನಿಸುತ್ತದೆ. ಕೇಳುವುದಿಲ್ಲ.

ಈ ‘ರಿಜೆಕ್ಟ್ ಮಾಲು’ ಕಥೆಯನ್ನು ನಂಬುವವರೆಲ್ಲ ಒಂದು ವಿಷಯ ಊಹಿಸಿಕೊಂಡಿರುತ್ತಾರೆ. ನ್ಯೂಯಾರ್ಕ್‌ಗೆ ತರಕಾರಿ ಬರುವುದು ಒಂದೇ ದಾರಿಯಲ್ಲಿ, ಒಳ್ಳೆಯದನ್ನು ಸೂಪರ್‌ಮಾರ್ಕೆಟ್ ಎತ್ತಿಕೊಳ್ಳುತ್ತದೆ, ಮಿಕ್ಕಿದ್ದು ಚೈನಾಟೌನ್‌ಗೆ ಹೋಗುತ್ತದೆ ಅಂತ. ಹಾಗೆ ಇಲ್ಲವೇ ಇಲ್ಲ. ವ್ಯಾಲೆರಿ ಇಂಬ್ರೂಸ್ ಎಂಬ ಸಸ್ಯ ಸಂಶೋಧಕಿ ಮ್ಯಾನ್‌ಹಟನ್ ಚೈನಾಟೌನ್‌ನ ತರಕಾರಿ ಎಲ್ಲಿಂದ ಬರುತ್ತದೆ ಅಂತ ಬೆನ್ನು ಹತ್ತಿ ಹೋದವರು. ಅಂಗಡಿಯಿಂದ ಸಗಟು ವ್ಯಾಪಾರಿಗೆ, ಅಲ್ಲಿಂದ ದಕ್ಷಿಣ ಫ್ಲಾರಿಡಾದ ಹೊಲಗಳಿಗೆ, ಹಾಂಡುರಾಸ್‌ನ ರೈತರವರೆಗೆ ಹೋದರು. ಅವರಿಗೆ ಕಂಡದ್ದು ಸೂಪರ್‌ಮಾರ್ಕೆಟ್‌ನ ಜಾಲಕ್ಕೆ ಹೊರತಾಗಿ ಬೆಳೆದ ಇನ್ನೊಂದು ಜಾಲ. ಸಣ್ಣ ಹಿಡುವಳಿಗಳು, ಸಣ್ಣ ಸಗಟು ವ್ಯಾಪಾರಿಗಳು, ಸಣ್ಣ ಅಂಗಡಿಗಳು. ಹೀರೇಕಾಯಿ, ಅಲಸಂದೆ, ಹಾಗಲಕಾಯಿಯನ್ನು ಈ ಗಿರಾಕಿಗಳಿಗೆಂದೇ ಬೆಳೆಯುತ್ತಾರೆ. ಅದನ್ನು ಮೊದಲು ನೋಡಿ ಬೇಡ ಅನ್ನಲಿಕ್ಕೆ ನಡುವೆ ಸೂಪರ್‌ಮಾರ್ಕೆಟ್ ಎಲ್ಲಿಂದ ಬರಬೇಕು?

ಹಾಗಾದರೆ ಅಗ್ಗ ಹೇಗೆ? ಅಂಗಡಿ ಒಳಗೆ ಒಮ್ಮೆ ನಿಂತು ನೋಡಿ. ತರಕಾರಿ ಬಂದ ರಟ್ಟಿನ ಡಬ್ಬವೇ ಅಲ್ಲಿ ಶೋಕೇಸ್. ಬೆಲೆಯನ್ನು ರಟ್ಟಿನ ತುಂಡಿನ ಮೇಲೆ ಮಾರ್ಕರ್‌ನಲ್ಲಿ ಗೀಚಿರುತ್ತಾರೆ. ಅರ್ಧ ಮಾಲು ಫುಟ್‌ಪಾತಿನ ಮೇಲೇ ಇರುತ್ತದೆ. ಪ್ಲಾಸ್ಟಿಕ್ ಪೆಟ್ಟಿಗೆ, ದೊಡ್ಡ ಕೋಲ್ಡ್ ಸ್ಟೋರೇಜ್, ಜಾಹೀರಾತು ಯಾವುದರ ಖರ್ಚೂ ಇಲ್ಲ. ಗೋದಾಮು ಹತ್ತಿರದಲ್ಲೇ ಇರುವುದರಿಂದ ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಮಾಲು ಬಂದು ಇಳಿಯುತ್ತದೆ. ಲಾಭ ಕಡಿಮೆ ಇಟ್ಟುಕೊಂಡು ಬೇಗ ಬೇಗ ಖಾಲಿ ಮಾಡುತ್ತಾರೆ. ಕೆ.ಆರ್. ಮಾರ್ಕೆಟ್‌ನಿಂದ ಬೆಳಿಗ್ಗೆ ಸೊಪ್ಪು ತಂದು ಸಂಜೆಯೊಳಗೆ ಮಾರಿ ಮುಗಿಸುವ ತಳ್ಳುಗಾಡಿಯವರ ಲೆಕ್ಕಾಚಾರವೇ ಇದು. ಅವರ ಹತ್ತಿರ ಕೊಳ್ಳುವಾಗ ‘ಅಗ್ಗ ಇದೆ, ಹಳೇದಿರಬೇಕು’ ಅಂತ ಯಾರಿಗೂ ಅನ್ನಿಸಲಿಲ್ಲ. ಇಲ್ಲಿಗೆ ಬಂದ ಮೇಲೆ ಯಾಕೆ ಅನ್ನಿಸುತ್ತದೋ!

ಇನ್ನು ಸೂಪರ್‌ಮಾರ್ಕೆಟ್‌ನ ಹೊಳಪಿಗೆ ಬರೋಣ. ಸೊಪ್ಪಿನ ಮೇಲೆ ಆಗಾಗ ನೀರು ಚಿಮುಕಿಸುವ ಮೆಷಿನ್ ನೋಡಿ ಖುಷಿಪಡುತ್ತೀರಲ್ಲ, ಅದರಿಂದ ಸೊಪ್ಪು ಬಾಡದೆ ಉಳಿಯುತ್ತದೆ, ನಿಜ. ಕಿತ್ತ ದಿನಾಂಕ ಬದಲಾಗುವುದಿಲ್ಲ. ಸೇಬನ್ನೇ ತೆಗೆದುಕೊಳ್ಳಿ. ಅಮೆರಿಕದಲ್ಲಿ ಸೇಬಿನ ಕೊಯ್ಲು ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಆಮ್ಲಜನಕ ಕಡಿಮೆ ಮಾಡಿದ ತಣ್ಣನೆಯ ಕೋಣೆಗಳಲ್ಲಿ ಇಟ್ಟು ಮುಂದಿನ ಬೇಸಿಗೆವರೆಗೂ ಮಾರುತ್ತಾರೆ. ಜೂನ್ ತಿಂಗಳಲ್ಲಿ ನೀವು ಫಳಫಳ ಅಂತ ಎತ್ತಿಕೊಂಡ ಅಮೆರಿಕದ ಸೇಬಿಗೆ ಎಂಟು ಒಂಬತ್ತು ತಿಂಗಳು ವಯಸ್ಸಾಗಿರುತ್ತದೆ. ತಿನ್ನಲು ಏನೂ ತೊಂದರೆ ಇಲ್ಲ. ಆದರೆ ಅದನ್ನು ತಾಜಾ ಅಂದು, ಮಣ್ಣು ಮೆತ್ತಿಕೊಂಡ ಬಾಕ್ ಚಾಯ್ ಸೊಪ್ಪಿನ ಕಟ್ಟನ್ನು ಹಳೇದು ಅನ್ನಬೇಡಿ.

ಚೈನೀಸ್ ಅಂಗಡಿಯ ಗಿರಾಕಿಗಳನ್ನೂ ನೋಡಿ. ತಳ್ಳುವ ಚೀಲ ಹಿಡಿದ ಅಜ್ಜಿಯರು ಒಂದೊಂದು ಗೈ ಲಾನ್ ಸೊಪ್ಪಿನ ದಂಟನ್ನೂ ತಿರುಗಿಸಿ, ಕತ್ತರಿಸಿದ ತುದಿ ಹಸಿಯಾಗಿದೆಯಾ ಅಂತ ನೋಡುತ್ತಾರೆ. ಒಣಗಿ ಬಿರುಕು ಬಿಟ್ಟಿದ್ದರೆ ಅಲ್ಲೇ ಬಿಸಾಕಿ ಪಕ್ಕದ ಅಂಗಡಿಗೆ ನಡೆಯುತ್ತಾರೆ. ಪಕ್ಕದಲ್ಲಿ ಇನ್ನೊಂದು ಅಂಗಡಿ ಇದ್ದೇ ಇರುತ್ತದೆ. ಇಂಥವರ ನಡುವೆ ಹಳಸಲು ಮಾಲು ಮಾರಿ ಬದುಕುವುದು ಸುಲಭ ಅಲ್ಲ.

ಈ ಕಥೆ ಹುಟ್ಟಿದ್ದು ಎಲ್ಲಿಂದ ಅಂತಲೂ ಹೇಳಿಬಿಡುತ್ತೇನೆ. ಇಲ್ಲಿ ಅನೇಕ ಪದಾರ್ಥ ಇವತ್ತೇ ಅಡುಗೆ ಮಾಡುವಷ್ಟು ಬಲಿತು, ಹಣ್ಣಾಗಿ ಬಂದಿರುತ್ತವೆ. ಸಂಜೆ ಹೊತ್ತು ‘ಒಂದು ಚೀಲಕ್ಕೆ ಒಂದು ಡಾಲರ್’ ಅಂತ ಇಟ್ಟಿದ್ದರೆ ಅದು ಅವತ್ತೇ ಮುಗಿಯಬೇಕಾದ ಮಾಲು. ನಮ್ಮವರು ತಿಂಗಳಿಗೊಮ್ಮೆ ಗುಡಿಗೆ ಬಂದಾಗ ಹದಿನೈದು ದಿನದ ತರಕಾರಿ ಹೊತ್ತುಕೊಂಡು ಹೋಗಿ ಫ್ರಿಜ್‌ಗೆ ತುರುಕುತ್ತಾರೆ. ನಾಲ್ಕನೇ ದಿನ ಕೊಳೆತರೆ ಅಂಗಡಿಯನ್ನು ಬೈಯುತ್ತಾರೆ. ಎರಡು ಮೂರು ದಿನಕ್ಕೆ ಆಗುವಷ್ಟು ತನ್ನಿ.

‘ಎಲ್ಲ ಚೈನಾದಿಂದ ಬರುತ್ತಂತೆ’ ಅನ್ನುವುದಕ್ಕೆ ಜಾಸ್ತಿ ಸಮಯ ಕೊಡುವುದಿಲ್ಲ. ಬೆಳ್ಳುಳ್ಳಿ, ಶುಂಠಿ ಅಲ್ಲಿಂದ ಬರುವುದುಂಟು. ಸೂಪರ್‌ಮಾರ್ಕೆಟ್‌ಗೂ ಬರುತ್ತವೆ. ಸೊಪ್ಪು ಹಡಗು ಹತ್ತಿ ಅಷ್ಟು ದೂರ ಬಂದರೆ ಗೊಬ್ಬರ ಆಗಿರುತ್ತದೆ. ಅನುಮಾನ ಇದ್ದರೆ ಡಬ್ಬದ ಬದಿ ಓದಿ. ಕ್ಯಾಲಿಫೋರ್ನಿಯಾ, ಫ್ಲಾರಿಡಾ, ನ್ಯೂಜೆರ್ಸಿ, ಮೆಕ್ಸಿಕೋ ಅಂತ ಮುದ್ರಿಸಿರುತ್ತಾರೆ. ಕೀಟನಾಶಕದ ನಿಯಮವೂ ಎಲ್ಲ ಅಂಗಡಿಗೂ ಒಂದೇ.

ಆರಿಸಲು ಕೆಲವು ಗುರುತು. ಅಲಸಂದೆ ಬಾಗಿಸಿದರೆ ಗಟ್ಟಿಯಾಗಿರಬೇಕು, ಹತ್ತಿಯ ಹಾಗೆ ಮೆತ್ತಗಿರಬಾರದು. ಹೀರೇಕಾಯಿ ಗಾತ್ರಕ್ಕೆ ತಕ್ಕ ಭಾರ ಇಲ್ಲದಿದ್ದರೆ ಒಳಗೆ ನಾರು ಅಂತ ತಿಳಿಯಿರಿ. ನಾಪಾ ಕೋಸಿನ ಬಿಳಿ ದಂಟಿನ ಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಚುಕ್ಕೆ ಕಂಡರೆ ಹೆದರಬೇಡಿ. ಅದು ಬೂಷ್ಟು ಅಲ್ಲ, ತಿನ್ನಬಹುದು. ಮತ್ತೆ, ದಯವಿಟ್ಟು ಬೆಂಡೆಕಾಯಿಯ ತುದಿ ಮುರಿದು ನೋಡಬೇಡಿ. ಊರಿನಲ್ಲಿ ಎಲ್ಲರೂ ಮುರಿಯುತ್ತಾರೆ, ಗೊತ್ತು. ಇಲ್ಲಿ ಮುರಿದರೆ ಅಂಗಡಿಯಾಕೆ ಚೈನೀಸ್‌ನಲ್ಲಿ ಏನು ಬೈದರು ಅಂತ ನಿಮಗೆ ಅನುವಾದ ಬೇಕಾಗುವುದಿಲ್ಲ.

ಯಾರೂ ಕೇಳದ ಒಂದು ವಿಷಯ ಹೇಳಬೇಕು, ಯಾಕೆಂದರೆ ಮುಂದಿನ ಫೋನ್ ಅದಕ್ಕೇ ಬರುತ್ತದೆ. ಅಲ್ಲಿನ ಹಾಗಲಕಾಯಿ ನಮ್ಮದರ ಹಾಗೆ ಕಾಣುವುದಿಲ್ಲ. ತಿಳಿ ಹಸಿರು, ದಪ್ಪ, ಉಬ್ಬುಗಳೆಲ್ಲ ನುಣುಪು. ಜಾತಿ ಅದೇ, ತಳಿ ಬೇರೆ. ನೀರಿನಂಶ ಜಾಸ್ತಿ, ಕಹಿ ಕಡಿಮೆ. ಪಲ್ಯಕ್ಕೆ ಚೆನ್ನಾಗಿರುತ್ತದೆ. ಹುಣಸೆ ಬೆಲ್ಲ ಹಾಕಿದ ಗೊಜ್ಜಿಗೆ ಮಾತ್ರ ನನಗೆ ಮುಳ್ಳುಮುಳ್ಳಾದ ಕಡು ಹಸಿರಿನದೇ ಬೇಕು. ಇದರಲ್ಲಿ ಮಾಡಿದರೆ ಸಿಹಿ ಮೇಲುಗೈ ಆಗಿಬಿಡುತ್ತದೆ. ಬೂದುಗುಂಬಳವನ್ನು ಹೋಳು ಮಾಡಿ ಇಟ್ಟಿರುತ್ತಾರೆ, ಮಜ್ಜಿಗೆ ಹುಳಿಗೆ ಬೇಕಾದಷ್ಟೇ ಕೊಳ್ಳಬಹುದು. ನಡುವೆ ಕೆಂಪು ಇರುವ ಹರಿವೆ ಸೊಪ್ಪು ಬೇಸಿಗೆಯಲ್ಲಿ ರಾಶಿ ಬರುತ್ತದೆ, ಮಸ್ಸೊಪ್ಪಿಗೆ ಅದಕ್ಕಿಂತ ಬೇರೆ ಬೇಡ. ಚಪ್ಪಟೆ ಎಲೆಯ ಚೈನೀಸ್ ಚೈವ್ಸ್ ನೋಡಿ ಯಾವುದೋ ಮಾಮೂಲಿ ಸೊಪ್ಪು ಇರಬೇಕು ಅಂತ ಹಬ್ಬದ ದಿನ ತಂದೀರಿ. ಬೆಳ್ಳುಳ್ಳಿ ವಾಸನೆ ಮನೆಯೆಲ್ಲ ಹರಡುತ್ತದೆ.

ತೊಂಡೆಕಾಯಿ, ಎಣ್ಣೆಗಾಯಿಗೆ ಬೇಕಾದ ಗುಂಡು ಬದನೆ, ಕರಿಬೇವು ಇಲ್ಲಿ ಹುಡುಕಿ ಸುಸ್ತಾಗಬೇಡಿ. ಅವಕ್ಕೆ 7 ನಂಬರಿನ ರೈಲು ಹತ್ತಿ ಜಾಕ್ಸನ್ ಹೈಟ್ಸ್‌ನ 74ನೇ ಸ್ಟ್ರೀಟ್‌ಗೆ ಹೋಗಿ. ಕರಿಬೇವು ಅಲ್ಲಿ ದುಬಾರಿ ಅಂತ ಗೊಣಗಿ ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ತರುವ ಯೋಚನೆ ಬೇಡ. ಕಿತ್ತಳೆ, ನಿಂಬೆ ತೋಟಗಳನ್ನು ಹಾಳು ಮಾಡುವ ರೋಗ ಹರಡುವ ಕೀಟ ಕರಿಬೇವಿನ ಮೇಲೂ ಇರುತ್ತದೆ. ಅದಕ್ಕೇ ಹಸಿ ಎಲೆ ತರುವುದಕ್ಕೆ ತಡೆ ಇದೆ. ಜೆಎಫ್‌ಕೆ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಮೂಸುವ ಬೀಗಲ್ ನಾಯಿಗಳಿವೆ. ಅಮ್ಮ ಎಷ್ಟು ಪೇಪರ್ ಸುತ್ತಿ ಕೊಟ್ಟಿದ್ದರೂ ಕಂಡುಹಿಡಿಯುತ್ತವೆ.