ಟಿವಿ ಹೊಸದು, ಬೆನ್ನ ಹಿಂದಿನ ವೈರ್ ಹಳೆಯದು

ಹೋದ ತಿಂಗಳು ಕೊಡಗಿನ ನಾಪೋಕ್ಲು ಕಡೆಯಿಂದ ಒಬ್ಬ ಅಜ್ಜ ಫೋನ್ ಮಾಡಿದರು. ಮಿಲಿಟರಿಯಿಂದ ರಿಟೈರ್ ಆಗಿ ತೋಟ ನೋಡಿಕೊಂಡಿರುವವರು. 'ಮಗ ಬೆಂಗಳೂರಿಂದ 55 ಇಂಚಿನ ಫೋರ್‌ಕೆ ಟಿವಿ ತಂದು ಹಾಕಿದ್ದಾನೆ ಮಾರಾಯ, ಹಾಕಿ ಮ್ಯಾಚಲ್ಲಿ ಚೆಂಡೇ ಕಾಣುವುದಿಲ್ಲ. ಹಳೆ ಟಿವಿಯೇ ಚೆನ್ನಾಗಿತ್ತು' ಅಂದರು.

ಹೋಗಿ ಮೊದಲು ಟಿವಿಯ ಬೆನ್ನು ನೋಡಿದೆ. ಹಳದಿ, ಕೆಂಪು, ಬಿಳಿ. ಅದೇ ಹಳೆಯ ಎವಿ ವೈರ್. ಹಳೆ ಟಿವಿಯಿಂದ ಕಿತ್ತು ಹೊಸದಕ್ಕೆ ಚುಚ್ಚಿದ್ದಾರೆ. ಡಿಶ್ ಬಾಕ್ಸಿನ ಜೊತೆ ಬಂದಿದ್ದ, ಚಿತ್ರ ಶಬ್ದ ಎರಡನ್ನೂ ಒಂದರಲ್ಲೇ ತರುವ ಎಚ್‌ಡಿಎಂಐ ಕೇಬಲ್ ಕವರ್ ಕೂಡ ಬಿಚ್ಚದೆ ಡ್ರಾಯರಿನಲ್ಲಿ ಹಳೇ ಟಾರ್ಚ್ ಸೆಲ್ಲುಗಳ ಪಕ್ಕ ಬಿದ್ದಿತ್ತು.

ಮಡಿಕೇರಿ ಸುತ್ತಮುತ್ತ ಟಿವಿ ಕೆಲಸ ಮಾಡಿಕೊಂಡಿರುವ ನನಗೆ ಬೇಜಾರಾಗುವುದು ಇಲ್ಲೇ. ಅರವತ್ತು ಸಾವಿರ ಕೊಟ್ಟು ಟಿವಿ ತರುತ್ತಾರೆ, ಅದರೊಳಗೆ ಏನು ಹೋಗುತ್ತಿದೆ ಅಂತ ಯಾರೂ ಕೇಳುವುದಿಲ್ಲ. ಒಂದು ಮಾತು ಹೇಳುತ್ತೇನೆ: ಫೋರ್‌ಕೆ ಅನ್ನುವುದು ಪರದೆಯ ಲೆಕ್ಕ, ಒಳಗೆ ಬರುವ ಚಿತ್ರದ ಲೆಕ್ಕ ಅಲ್ಲ. ಫೋರ್‌ಕೆ ಪರದೆಯಲ್ಲಿ ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು ಸುಮಾರು 83 ಲಕ್ಷ ಚುಕ್ಕೆ ಇರುತ್ತವೆ. ಫುಲ್ ಎಚ್‌ಡಿ ಚಿತ್ರದಲ್ಲಿ 20 ಲಕ್ಷದ ಮೇಲೆ ಸ್ವಲ್ಪ. ಆ ಹಳದಿ ಪಿನ್ ಇದೆಯಲ್ಲ, ಅದರಲ್ಲಿ ಬರುವುದು ಎಸ್‌ಡಿ ಅನ್ನುವ ಹಳೇ ಮಟ್ಟದ ಚಿತ್ರ ಮಾತ್ರ, 720ಕ್ಕೆ 576, ಅಂದರೆ ಸುಮಾರು 4 ಲಕ್ಷ ಚುಕ್ಕೆ. ಉಳಿದ ಜಾಗ ಟಿವಿ ತಾನೇ ತುಂಬಿಸಬೇಕು. ಒಂದು ಚುಕ್ಕೆಯನ್ನು ಎಳೆದು ಇಪ್ಪತ್ತು ಮಾಡಬೇಕು, ಅದೂ ಅಂದಾಜಿನ ಮೇಲೆ. ಅದಕ್ಕೇ ಅಪ್‌ಸ್ಕೇಲಿಂಗ್ ಅನ್ನುತ್ತಾರೆ. ವಾರ್ತೆ ಓದುವವರ ಮುಖವಾದರೆ ಹೇಗೋ ನಡೆಯುತ್ತದೆ. ಇಡೀ ಮೈದಾನ ತೋರಿಸುವಾಗ ಹಾಕಿ ಚೆಂಡು ಆ ಚಿತ್ರದಲ್ಲಿ ಇರುವುದೇ ಎರಡೋ ಮೂರೋ ಚುಕ್ಕೆ, ಎಳೆದರೆ ಹುಲ್ಲಿನ ಬಣ್ಣಕ್ಕೆ ಕಲೆಸಿಹೋಗುತ್ತದೆ. ಹಳೆ ಟಿವಿ ಚಿಕ್ಕದಿತ್ತು, ಕೊರತೆ ಕಣ್ಣಿಗೆ ಬೀಳುತ್ತಿರಲಿಲ್ಲ ಅಷ್ಟೆ.

ಅಜ್ಜನಿಗೆ ನಾನು ಸ್ಪ್ರಿಂಕ್ಲರ್ ಲೆಕ್ಕದಲ್ಲಿ ಹೇಳಿದೆ. ಕೆರೆಯಿಂದ ಮೂರಿಂಚು ಪೈಪ್ ಎಳೆದು ಮಧ್ಯೆ ಒಂದು ಕಡೆ ಅರ್ಧ ಇಂಚಿನ ತುಂಡು ಸೇರಿಸಿದರೆ ಕಾಫಿ ಗಿಡದ ಮೇಲೆ ನೀರು ಹಾರುತ್ತದಾ? ತಕ್ಷಣ ಅರ್ಥವಾಯಿತು.

ವೈರ್ ಬದಲಾಯಿಸಿದ ಕೂಡಲೇ ಎಲ್ಲ ಮುಗಿಯುವುದಿಲ್ಲ. ಬಾಕ್ಸೇ ಎಸ್‌ಡಿ ಆಗಿರಬಹುದು. ಎಚ್‌ಡಿ ಬಾಕ್ಸ್ ಇದ್ದರೂ ಅದರ ಸೆಟ್ಟಿಂಗ್ 576ರಲ್ಲೇ ನಿಂತಿರಬಹುದು, 1080ಕ್ಕೆ, ಅಂದರೆ ಫುಲ್ ಎಚ್‌ಡಿಗೆ ಹಾಕಬೇಕು. ಅದೆಲ್ಲ ಸರಿಯಿದ್ದು, ಅಭ್ಯಾಸದ ಮೇಲೆ ಹಳೇ ಎಸ್‌ಡಿ ಚಾನೆಲ್ ನಂಬರನ್ನೇ ಒತ್ತುವವರು ಜಾಸ್ತಿ. ಎಚ್‌ಡಿ ಚಾನೆಲ್‌ಗೆ ಬೇರೆ ನಂಬರ್, ಬೇರೆ ದುಡ್ಡು. ಡಿಡಿ ಫ್ರೀ ಡಿಶ್‌ನಲ್ಲಂತೂ ಬಹುತೇಕ ಎಲ್ಲವೂ ಎಸ್‌ಡಿ. ನಿಜವಾದ ಫೋರ್‌ಕೆ ಸಾಮಾನ್ಯವಾಗಿ ಇಂಟರ್‌ನೆಟ್‌ನಿಂದಲೇ ಬರಬೇಕು, ಅದಕ್ಕೆ 15ರಿಂದ 25 ಎಂಬಿಪಿಎಸ್ ವೇಗ ನಿಲ್ಲದೆ ಸಿಗಬೇಕು. ಸಿಗ್ನಲ್‌ಗಾಗಿ ಕಾಫಿ ಕಣದ ಮೂಲೆಗೆ ಹೋಗಿ ಫೋನ್ ಹಿಡಿಯುವ ಮನೆಗಳಲ್ಲಿ ಟಿವಿ ಕೊಳ್ಳುವ ಮೊದಲೇ ಇದನ್ನು ಯೋಚಿಸಿ.

ಎಲ್ಲರ ಮನೆಯಲ್ಲೂ ಇದೇ ಕಾರಣ ಅಂತ ನೋಡದೆ ಹೇಳಲಾರೆ. ಚಿತ್ರ ಮಂಜಾಗಿದ್ದರೆ ನಾನು ಹೇಳಿದ ಕಡೆ ಹುಡುಕಿ. ಚೌಕ ಚೌಕವಾಗಿ ಒಡೆದು ನಿಲ್ಲುತ್ತಿದ್ದರೆ ಅದು ಸಿಗ್ನಲ್ ತೊಂದರೆ: ಡಿಶ್ ಅಲುಗಿದೆ, ಡಿಶ್ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಗೆ ನೀರು ಇಳಿದಿದೆ, ಇಲ್ಲವೇ ನಾಲ್ಕು ವರ್ಷದಲ್ಲಿ ಸಿಲ್ವರ್ ಓಕ್ ಬೆಳೆದು ಡಿಶ್‌ಗೆ ಅಡ್ಡ ಬಂದಿದೆ. ಜುಲೈ ಮಳೆ ಜೋರಾಗಿ ಹೊಡೆಯುವಾಗ ಸಿಗ್ನಲ್ ಹೋದರೆ ಯಾರನ್ನೂ ಕರೆಸಬೇಡಿ. ಡಿಶ್‌ಗೆ ಬರುವ ಅಲೆಯನ್ನು ಮಳೆಹನಿಗಳೇ ಹೀರಿಕೊಳ್ಳುತ್ತವೆ, ಮಳೆ ಇಳಿದರೆ ತಾನೇ ಬರುತ್ತದೆ.

ಅಂಗಡಿಯಲ್ಲಿ ಹೇಳುವ ಕ್ಯೂಎಲ್‌ಇಡಿ ಕೂಡ ಹಿಂದಿನಿಂದ ಬೆಳಕು ಬಿಡುವ ಎಲ್‌ಸಿಡಿ ಪರದೆಯೇ. ಓಎಲ್‌ಇಡಿಯಲ್ಲಿ ಮಾತ್ರ ಒಂದೊಂದು ಚುಕ್ಕೆಯೂ ತಾನೇ ಉರಿಯುತ್ತದೆ. ಚಿನ್ನದ ಲೇಪ ಅಂತ ಮೂರು ಸಾವಿರದ ಎಚ್‌ಡಿಎಂಐ ಕೇಬಲ್ ತೋರಿಸಿದರೆ ಬೇಡ ಅನ್ನಿ, ಒಂದೆರಡು ಮೀಟರಿಗೆ ಸಾಧಾರಣ ಹೈ ಸ್ಪೀಡ್ ಕೇಬಲ್ ಸಾಕು. ಸೌಂಡ್‌ಬಾರ್ ಇದ್ದರೆ ಟಿವಿಯ ಶಬ್ದ ಹೊರಗೆ ಕಳಿಸುವ, ಎಆರ್‌ಸಿ ಅಂತ ಬರೆದ ಎಚ್‌ಡಿಎಂಐ ಕಿಂಡಿಗೇ ಹಾಕಿ.

ಒಂದು ಎಚ್ಚರಿಕೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಎಲ್ಲರೂ ಪವರ್ ಪ್ಲಗ್ ಕೀಳುತ್ತಾರೆ, ಡಿಶ್ ಕೇಬಲ್ ಹಾಗೇ ಬಿಡುತ್ತಾರೆ. ಸಿಡಿಲು ಆ ಕೇಬಲಿನಲ್ಲೇ ಬಾಕ್ಸಿಗೆ ಬಂದು ಎಚ್‌ಡಿಎಂಐ ಮೂಲಕ ಟಿವಿಗೆ ಹೋಗಬಹುದು. ಪವರ್ ಬೋರ್ಡ್ ಚೆನ್ನಾಗಿದ್ದು ಎಚ್‌ಡಿಎಂಐ ಕಿಂಡಿಯ ಹತ್ತಿರ ಕರಕಲಾದ ಟಿವಿಗಳನ್ನು ಎಷ್ಟೋ ಬಿಚ್ಚಿದ್ದೇನೆ. ಮೋಡ ಕಟ್ಟುವಾಗಲೇ ಬಾಕ್ಸಿನ ಹಿಂದಿನ ಡಿಶ್ ಕೇಬಲ್ ತಿರುಗಿಸಿ ತೆಗೆದಿಡಿ. ಗುಡುಗು ಶುರುವಾದ ಮೇಲೆ ಮುಟ್ಟಬೇಡಿ.

ಆವತ್ತು ಎಚ್‌ಡಿಎಂಐ ಹಾಕಿ, ಎಚ್‌ಡಿ ಚಾನೆಲ್ ಆನ್ ಮಾಡಿಸಿದ ಮೇಲೆ ಅಜ್ಜ ಕುರ್ಚಿ ಬಿಟ್ಟು ಎದ್ದು ಪರದೆ ಹತ್ತಿರ ಹೋದರು. ಪೆನಾಲ್ಟಿ ಕಾರ್ನರ್ ನಡೆಯುತ್ತಿತ್ತು. 'ಸ್ಟಿಕ್ಕಿನ ಟೇಪ್ ಕೂಡ ಕಾಣುತ್ತದಲ್ಲ!' ಅಂದರು. ಆಮೇಲೆ ಕಾಫಿ ಕುಡಿಸದೆ ಬಿಡಲಿಲ್ಲ.

ನೀವೂ ಹಾಗೇ, ಮೆಕ್ಯಾನಿಕ್‌ಗೆ ಫೋನ್ ಮಾಡುವ ಮೊದಲು ಟಾರ್ಚ್ ಹಿಡಿದು ಟಿವಿಯ ಹಿಂದೆ ಒಮ್ಮೆ ನೋಡಿ. ಮೂರು ಬಣ್ಣದ ಪಿನ್ ಇದೆಯಾ, ಚಪ್ಪಟೆ ಬಾಯಿಯ ಒಂದೇ ಕೇಬಲ್ ಇದೆಯಾ, ಅಷ್ಟು ಹೇಳಿದರೆ ಅರ್ಧ ಕೆಲಸ ಫೋನಿನಲ್ಲೇ ಆಗುತ್ತದೆ.