ಕ್ರಿಸ್ಮಸ್ 25ಕ್ಕೆ ಅಲ್ವಾ, ಮತ್ತೆ ಚರ್ಚಲ್ಲಿ ನಾಲ್ಕು ವಾರ ಮುಂಚಿನಿಂದ ಏನು ನಡೀತದೆ?

ಪ್ರಶ್ನೆ: ಮಂಗಳೂರಲ್ಲಿ ನಮ್ಮ ಮನೆ ಪಕ್ಕವೇ ಒಂದು ಕ್ಯಾಥೋಲಿಕ್ ಚರ್ಚ್ ಉಂಟು. ನವೆಂಬರ್ ಕೊನೆ ಬಂತು ಅಂದ್ರೆ ಅಲ್ಲಿ ರಾತ್ರಿವರೆಗೆ ಲೈಟ್, ಹಾಡಿನ ಪ್ರಾಕ್ಟೀಸ್, ಹುಡುಗರ ಓಡಾಟ. ಹಬ್ಬ 25ಕ್ಕೆ ತಾನೆ? ಅಷ್ಟು ಮುಂಚಿನಿಂದ ಏನು ಮಾಡ್ತಾರೆ? ನಾವು ಕ್ರೈಸ್ತರಲ್ಲ, ನಾವೂ ಹೋಗಬಹುದಾ?

ಉತ್ತರ: ಹೋಗಬಹುದು, ಅದನ್ನ ಕೊನೆಗೆ ಹೇಳ್ತೇನೆ. ಮೊದಲು ಒಂದು ವಿಷಯ. ಆ ನಾಲ್ಕು ವಾರ ಕ್ರಿಸ್ಮಸ್ ಅಲ್ಲ, ಅದು ಬೇರೆಯೇ ಒಂದು ಕಾಲ, ಆಗಮನ ಕಾಲ ಅಂತೇವೆ, ಇಂಗ್ಲಿಷಲ್ಲಿ ಅಡ್ವೆಂಟ್. ಮಾಲ್‌ಗಳಲ್ಲಿ ಡಿಸೆಂಬರ್ ಒಂದಕ್ಕೇ ಹಬ್ಬ ಶುರುವಾಗಿ 25ಕ್ಕೆ ಮುಗಿದೂ ಹೋಗ್ತದೆ, ಚರ್ಚಲ್ಲಿ ಉಲ್ಟಾ, 24ರ ರಾತ್ರಿವರೆಗೆ ಕಾಯೋದು, ಆಮೇಲೆ ಜನವರಿವರೆಗೆ ಹಬ್ಬ. ಈ ಕಾಯೋದನ್ನ ಊರಿಗೆ ಊರೇ ಒಟ್ಟಿಗೆ ಮಾಡ್ತದಲ್ಲ, ಅದೇ ಇದರಲ್ಲಿ ದೊಡ್ಡದು ಅಂತ ನನ್ನ ಅಭಿಪ್ರಾಯ, ಹಬ್ಬದ ದಿನಕ್ಕಿಂತಲೂ.

ಶುರು ಯಾವಾಗ ಅಂದ್ರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕನೇ ಭಾನುವಾರ, ಅದು ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಯಾವತ್ತಾದ್ರೂ ಬರಬಹುದು. 2025ರಲ್ಲಿ ನವೆಂಬರ್ 30, 2026ರಲ್ಲಿ ನವೆಂಬರ್ 29. ಅದಕ್ಕೇ ಪ್ರತಿ ವರ್ಷ ಉದ್ದ ಒಂದೇ ಥರ ಇರೋದಿಲ್ಲ, 2022ರಲ್ಲಿ ಪೂರ್ತಿ 28 ದಿನ ಸಿಕ್ಕಿತ್ತು, 2023ರಲ್ಲಿ ನಾಲ್ಕನೇ ಭಾನುವಾರವೇ 24ನೇ ತಾರೀಕು ಬಿದ್ದು ಬೆಳಿಗ್ಗೆ ಅಡ್ವೆಂಟ್ ಪೂಜೆ, ರಾತ್ರಿ ಕ್ರಿಸ್ಮಸ್ ಪೂಜೆ ಅಂತಾಯ್ತು. ಚರ್ಚಿನ ವರ್ಷ ಶುರುವಾಗೋದೂ ಇಲ್ಲಿಂದಲೇ, ಜನವರಿ ಒಂದರಿಂದ ಅಲ್ಲ.

ಒಳಗೆ ಹೋದ್ರೆ ಮೊದಲು ಕಣ್ಣಿಗೆ ಬೀಳೋದು ನೇರಳೆ ಬಣ್ಣ. ಫಾದರ್ ಹಾಕೋ ಪೂಜಾವಸ್ತ್ರ ನೇರಳೆ, ಹೂವಿನ ಅಲಂಕಾರ ಕಡಿಮೆ, ಮೂರನೇ ಭಾನುವಾರ ಮಾತ್ರ ಗುಲಾಬಿ ಬಣ್ಣ, ಯಾಕಂದ್ರೆ ಅರ್ಧ ದಾರಿ ಕಳೀತು, ಸಂತೋಷಪಡಿ ಅನ್ನೋ ದಿನ ಅದು. ಭಾನುವಾರಗಳಲ್ಲಿ ಸಾಮಾನ್ಯವಾಗಿ ಹಾಡೋ ಗ್ಲೋರಿಯಾ ಈ ಭಾನುವಾರಗಳಲ್ಲಿ ಇರೋದಿಲ್ಲ. ಯೇಸು ಹುಟ್ಟಿದ ರಾತ್ರಿ ದೇವದೂತರು ಹಾಡಿದ ಮಾತಿಂದ ಶುರುವಾಗೋ ಹಾಡು ಅದು, ಹಾಗಾಗಿ ಆ ರಾತ್ರಿಗೇ ಅಂತ ತೆಗೆದಿಡ್ತಾರೆ. 24ರ ರಾತ್ರಿ ಅದನ್ನ ಎತ್ತಿಕೊಂಡಾಗ ಗಂಟೆಗಳೆಲ್ಲ ಒಟ್ಟಿಗೆ ಬಾರಿಸ್ತವಲ್ಲ, ನಾಲ್ಕು ವಾರ ಹಾಡದೆ ಇದ್ದವರಿಗೆ ಮಾತ್ರ ಅದು ಪೂರ್ತಿ ಕೇಳೋದು ಅಂತ ನಾನು ನಂಬ್ತೇನೆ.

ಪೀಠದ ಹತ್ರ ಹಸಿರೆಲೆಯ ಒಂದು ಚಕ್ರ, ಅದರಲ್ಲಿ ನಾಲ್ಕು ಮೇಣದಬತ್ತಿ, ವಾರಕ್ಕೊಂದು ಹತ್ತಿಸೋದು. ಇದು ತುಂಬಾ ಹಳೇದು ಅಂದ್ಕೊಳ್ತಾರೆ, ಅಷ್ಟಿಲ್ಲ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗಲ್ಲಿ ವಿಖರ್ನ್ ಅನ್ನೋ ಲೂಥರನ್ (ಪ್ರೊಟೆಸ್ಟೆಂಟ್) ಪಾಸ್ಟರ್, ಬಡ ಮಕ್ಕಳ ಆಶ್ರಮ ನಡೆಸ್ತಿದ್ದವರು, ಹಬ್ಬಕ್ಕೆ ಎಷ್ಟು ದಿನ ಉಂಟು ಅಂತ ಮಕ್ಕಳಿಗೆ ತೋರಿಸೋಕೆ ಗಾಡಿಚಕ್ರದ ಮೇಲೆ ವಾರದ ದಿನಗಳಿಗೆ ಸಣ್ಣ ಬತ್ತಿ, ಭಾನುವಾರಗಳಿಗೆ ದೊಡ್ಡ ಬತ್ತಿ ಇಟ್ಟಿದ್ರು. ಅದು ಆಮೇಲೆ ನಾಲ್ಕೇ ಬತ್ತಿಗೆ ಇಳಿದು ಕ್ಯಾಥೋಲಿಕರ ಕಡೆಗೂ ಬಂತು.

ಆದ್ರೆ ನಿಮಗೆ ಹೊರಗಿಂದ ಕೇಳ್ತಿರೋ ಗಲಾಟೆ ಇದಲ್ಲ, ಅದು ವಾರ್ಡುಗಳದ್ದು. ನಮ್ಮ ಕಡೆ ಒಂದೊಂದು ಚರ್ಚನ್ನ ವಾರ್ಡುಗಳಾಗಿ ಮಾಡಿರ್ತಾರೆ, ಒಂದೊಂದಕ್ಕೂ ಒಬ್ರು ಗುರಿಕಾರರು, ಅಂದ್ರೆ ಆ ವಾರ್ಡಿನ ಮುಖ್ಯಸ್ಥರು. ಯಾರ ಮನೇಲಿ ಅಜ್ಜಿ ಹಾಸಿಗೆ ಹಿಡಿದಿದ್ದಾರೆ, ಯಾರ ಮನೇಲಿ ಈ ವರ್ಷ ಸಾವಾಗಿದೆ, ಯಾರಿಗೆ ಕೆಲಸ ಹೋಗಿದೆ, ಎಲ್ಲ ಅವರಿಗೆ ಗೊತ್ತಿರ್ತದೆ, ಅಡ್ವೆಂಟಲ್ಲಿ ಆ ಲಿಸ್ಟ್ ಫಾದರ್ ಕೈಗೆ ಹೋಗ್ತದೆ. ಹಬ್ಬಕ್ಕೆ ಮುಂಚೆ ಫಾದರ್ ಆ ಮನೆಗಳಿಗೆ ಹೋಗಿ ಹಾಸಿಗೆ ಪಕ್ಕ ಕೂತು ಪಾಪ ನಿವೇದನೆ (ಕನ್ಫೆಷನ್) ಕೇಳಿ ಪರಮಪ್ರಸಾದ (ಪೂಜೇಲಿ ಕೊಡೋ ಪವಿತ್ರ ರೊಟ್ಟಿ) ಕೊಟ್ಟು ಬರ್ತಾರೆ, ಮನೆಯವರು ಒಂದು ಮೇಜಿಗೆ ಬಿಳಿ ಬಟ್ಟೆ ಹಾಸಿ ಶಿಲುಬೆ, ಮೇಣದಬತ್ತಿ ಇಟ್ಟು ಕಾಯ್ತಾ ಇರ್ತಾರೆ. ಸೈಂಟ್ ವಿನ್ಸೆಂಟ್ ಡಿ ಪೌಲ್ ಸೊಸೈಟಿ ಅಂತ ಉಂಟು, 1833ರಲ್ಲಿ ಪ್ಯಾರಿಸ್‌ನಲ್ಲಿ ಕಾಲೇಜು ಹುಡುಗರು ಶುರು ಮಾಡಿದ್ದು, ಅದರ ಸದಸ್ಯರು ಬಡವರ ಮನೆಗೆ ಅಕ್ಕಿ, ಬಟ್ಟೆ ತಲುಪಿಸ್ತಾರೆ, ಹೆಸರು ಎಲ್ಲೂ ಹೇಳೋದಿಲ್ಲ. ಕ್ಯಾರಲ್‌ಗೆ, ಅಂದ್ರೆ ಕ್ರಿಸ್ಮಸ್ ಹಾಡು ಹಾಡೋಕೆ ಅಂತ ಹುಡುಗರು ಗಿಟಾರ್, ಡ್ರಮ್ಸ್ ಹಿಡ್ಕೊಂಡು ಸಾಂತಾ ಕ್ಲಾಸ್ ವೇಷದವನ ಜೊತೆ ಮನೆಮನೆಗೆ ಹೋಗ್ತಾರಲ್ಲ, ಅಲ್ಲಿ ಸಿಗೋ ದುಡ್ಡು ಎಷ್ಟೋ ಚರ್ಚಲ್ಲಿ ಇಂಥದಕ್ಕೇ ಹೋಗೋದು. ಸಾವಾದ ಮನೆ ಮುಂದೆ ಡ್ರಮ್ಸ್ ನಿಲ್ಲಿಸಿ ಮೆಲ್ಲ ಒಂದು ಹಾಡು ಹೇಳಿ ಬರೋದನ್ನ ದೊಡ್ಡವರು ಹುಡುಗರಿಗೆ ಕಲಿಸಬೇಕು, ಸ್ಪರ್ಧೆಗೆ ಮಾಡೋ ಕ್ರಿಸ್ಮಸ್ ನಕ್ಷತ್ರ ಎಷ್ಟು ದೊಡ್ಡದಾಯ್ತು ಅನ್ನೋದಕ್ಕಿಂತ ಇದು ಮುಖ್ಯ.

ಇನ್ನು ಗೋದಲಿ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ. ಸಂತ ಫ್ರಾನ್ಸಿಸ್ ಅಸ್ಸಿಸಿ 1223ರಲ್ಲಿ ಇಟಲಿಯ ಗ್ರೆಚ್ಚೊ ಅನ್ನೋ ಊರಲ್ಲಿ ಜೀವಂತ ಎತ್ತು ಕತ್ತೆ ಇಟ್ಟು ಮಾಡಿದ್ದು ಇದಕ್ಕೆ ಮೂಲ, ನಮ್ಮಲ್ಲಿ ಬಿದಿರು, ಬೈಹುಲ್ಲು, ಬಣ್ಣ ಬಳಿದ ಗೋಣಿಯ ಗುಡ್ಡ. ಹಸಿರು ಹುಲ್ಲಿಗೆ ರಾಗಿ ಬೇಕು. ರಾಗಿಯನ್ನ ರಾತ್ರಿ ನೆನೆಹಾಕಿ, ಅಗಲ ತಟ್ಟೇಲಿ ತೆಳ್ಳಗೆ ಒದ್ದೆ ಮಣ್ಣು ಹರಡಿ ಒತ್ತೊತ್ತಾಗಿ ಚೆಲ್ಲಿ ನೆರಳಲ್ಲಿಟ್ಟು ದಿನಾ ನೀರು ಚಿಮುಕಿಸಿದ್ರೆ ವಾರ ಹತ್ತು ದಿನದಲ್ಲಿ ಬೆರಳುದ್ದ ಬರ್ತದೆ, ಮುಂಚೆ ಹಾಕಿದ್ರೆ ಹಳದಿಯಾಗಿ ಮಲಗ್ತದೆ, ತಡ ಆದ್ರೆ ಹಬ್ಬಕ್ಕೆ ಮೊಳಕೆ ಮಾತ್ರ. ಮಕ್ಕಳಿಗೆ ಅಡ್ವೆಂಟ್ ಅಂದ್ರೇನು ಅಂತ ತಿಳಿಸೋಕೆ ಈ ಒಂದು ತಟ್ಟೆ ಸಾಕು. ಕುರುಬರು, ಕುರಿ, ಮರಿಯಮ್ಮ, ಜೋಸೆಫ್ ಎಲ್ಲ ಇಟ್ಟರೂ ಬಾಲಯೇಸು ಇರೋದಿಲ್ಲ, ಹುಲ್ಲಿನ ತೊಟ್ಟಿಲು ಖಾಲಿ. ಆ ಮೂರ್ತಿಯನ್ನ 24ರ ರಾತ್ರಿ ಪೂಜೇಲೇ ತಂದಿಡೋದು.

ಅಡುಗೆಮನೆ ಕಡೆ ಕುಸ್ವಾರ್, ಅಂದ್ರೆ ಕ್ರಿಸ್ಮಸ್‌ಗೆ ಮಾಡೋ ಬಗೆಬಗೆ ತಿಂಡಿಗಳು. ಕಿಡಿಯೊ, ನೆವ್ರಿ, ಗುಳಿಯೊ, ಚಕ್ಕುಲಿ, ತುಕ್ಡಿ, ಎಳ್ಳುಂಡೆ, ಕುಕ್ಕಿಸ, ಒಂದು ಮನೇಲಿ ಒಬ್ರೇ ಮಾಡಿ ಮುಗಿಸೋ ಕೆಲಸವೇ ಅಲ್ಲ. ಕಿಡಿಯೊಗೆ ಹಿಟ್ಟಿನ ಸಣ್ಣ ಉಂಡೆಯನ್ನ ಫೋರ್ಕಿನ ಬೆನ್ನಿಗೆ ಅಥವಾ ಹೊಸ ಬಾಚಣಿಗೆಗೆ ಒತ್ತಿ ಸುರುಳಿ ಮಾಡಬೇಕು, ಗೀರು ಬೀಳಬೇಕು, ಆ ಗೀರಲ್ಲೇ ಸಕ್ಕರೆ ಪಾಕ ನಿಲ್ಲೋದು. ಕುಕ್ಕಿಸಕ್ಕೆ ಹೂವಿನ ಅಚ್ಚು, ಕಾದ ಎಣ್ಣೇಲಿ ಬಿಸಿ ಮಾಡಿ ಹಿಟ್ಟಲ್ಲಿ ಮುಕ್ಕಾಲು ಮಾತ್ರ ಅದ್ದೋದು, ಪೂರ್ತಿ ಮುಳುಗಿದ್ರೆ ಅಚ್ಚು ಬಿಡೋದೇ ಇಲ್ಲ. ಅಕ್ಕಪಕ್ಕದವರು, ಅತ್ತೆ, ಚಿಕ್ಕಮ್ಮ ಎಲ್ಲ ಕೂತು ಮಾಡ್ತಾರೆ, ಕೆಲವು ಚರ್ಚಲ್ಲಿ ಸ್ತ್ರೀ ಸಂಘಟನೆಯವರು ಒಟ್ಟಿಗೆ ಮಾಡಿ ಮಾರಿ ಬಂದ ಲಾಭ ಬಡವರಿಗೆ ಕೊಡ್ತಾರೆ. ಈಗ ಬೇಕರಿ ಪ್ಯಾಕೆಟ್ ಸಿಗ್ತದೆ, ಕೆಲಸಕ್ಕೆ ಹೋಗೋ ಹೆಂಗಸರಿಗೆ ಅದು ಅನುಕೂಲವೇ, ಆದ್ರೂ ಒಂದೆರಡು ಬಗೆಯಾದ್ರೂ ಮನೇಲಿ ಒಟ್ಟಿಗೆ ಕೂತು ಮಾಡಿ ಅಂತ ನಾನು ಎಲ್ಲರಿಗೂ ಹೇಳ್ತೇನೆ, ಆ ಸಂಜೆ ನಡೆಯೋ ಮಾತುಕತೆ ಪ್ಯಾಕೆಟಲ್ಲಿ ಸಿಗೋದಿಲ್ಲ. ದೀಪಾವಳಿಗೆ, ಈದ್‌ಗೆ ತಟ್ಟೆ ಕಳಿಸಿದ ನೆರೆಯವರಿಗೆ ಕ್ರಿಸ್ಮಸ್‌ಗೆ ಇದೇ ಕುಸ್ವಾರ್ ತಟ್ಟೆ ಹೋಗ್ತದೆ, ನಿಮ್ಮ ಮನೆಗೂ ಬಂದಿರಬಹುದು.

ಮೂರನೇ, ನಾಲ್ಕನೇ ವಾರದ ಹೊತ್ತಿಗೆ ಒಂದು ಸಂಜೆ ಜನ ಸಾಲು ನಿಂತಿರೋದು ನೋಡಿದ್ರೆ ಅದು ಪಾಪ ನಿವೇದನೆಗೆ. ಅಕ್ಕಪಕ್ಕದ ಚರ್ಚುಗಳ ಗುರುಗಳೂ ಬರ್ತಾರೆ, ಯಾಕಂದ್ರೆ ನಮ್ಮ ಫಾದರ್ ಹತ್ರವೇ ಹೇಳೋಕೆ ಕೆಲವರಿಗೆ ಕಷ್ಟ. ಮಾತು ಬಿಟ್ಟ ಅಣ್ಣತಮ್ಮಂದಿರು ರಾಜಿಯಾಗೋದು ಎಷ್ಟೋ ಸಲ ಈ ವಾರದಲ್ಲೇ. ಮದುವೆ ಮಾತ್ರ ಈ ಕಾಲದಲ್ಲಿ ನಮ್ಮ ಕಡೆ ಕಡಿಮೆ, ಜನ ಅಡ್ವೆಂಟ್‌ಗೆ ಮುಂಚೆ ಅಥವಾ ಕ್ರಿಸ್ಮಸ್ ಆದ ಮೇಲೆ ಡೇಟ್ ಹುಡುಕ್ತಾರೆ.

ಎಲ್ಲಾ ಚರ್ಚಲ್ಲೂ ಹೀಗೇ ಅಂತಲ್ಲ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರೊಟೆಸ್ಟೆಂಟರದ್ದು) ಸಭೆಗಳಲ್ಲಿ ಅಡ್ವೆಂಟ್ ಭಾನುವಾರಗಳು ಉಂಟು, ಕ್ಯಾರಲ್ ಸರ್ವಿಸಲ್ಲಿ ಬೈಬಲ್ ಪಾಠ ಮತ್ತು ಹಾಡು ಒಂದಾದ ಮೇಲೊಂದು ಬರ್ತದೆ. ಬೆಳ್ತಂಗಡಿ ಕಡೆಯ ಸೀರೋ ಮಲಬಾರ್ (ಕೇರಳ ಮೂಲದ ಕ್ಯಾಥೋಲಿಕ್) ಕುಟುಂಬಗಳಲ್ಲಿ ಡಿಸೆಂಬರ್ ಒಂದರಿಂದ 25 ದಿನದ ನೋಂಬು, ಅಂದ್ರೆ ವ್ರತ, ಮೀನು ಮಾಂಸ ಬಿಡ್ತಾರೆ. ಪೆಂತೆಕೋಸ್ತ್ ಸಭೆಗಳಲ್ಲಿ ಸಾಮಾನ್ಯವಾಗಿ ಅಡ್ವೆಂಟ್ ಅಂತ ಇರೋದಿಲ್ಲ.

ಈಗ ನಿಮ್ಮ ಕೊನೆ ಪ್ರಶ್ನೆ. ಭಾನುವಾರದ ಪೂಜೆಗೆ ಯಾರೂ ಬಂದು ಕೂರಬಹುದು, ಎಲ್ಲರೂ ನಿಂತಾಗ ನಿಂತರೆ ಸಾಕು. ಪರಮಪ್ರಸಾದಕ್ಕೆ ಸಾಲು ಹೋಗುವಾಗ ನೀವು ನಿಮ್ಮ ಜಾಗದಲ್ಲೇ ಇರಿ, ಅದನ್ನ ಕ್ಯಾಥೋಲಿಕರು ಮಾತ್ರ ತಗೊಳ್ಳೋದು, ಯಾರೂ ತಪ್ಪು ತಿಳಿಯೋದಿಲ್ಲ. 24ರ ರಾತ್ರಿ ಪೂಜೆಯ ಟೈಮ್ ಒಂದೊಂದು ಚರ್ಚಲ್ಲಿ ಒಂದೊಂದು, ನೋಟಿಸ್ ಬೋರ್ಡ್ ನೋಡ್ಕೊಳ್ಳಿ, ಕೂರೋಕೆ ಜಾಗ ಬೇಕಾದ್ರೆ ಅರ್ಧ ಗಂಟೆ ಮುಂಚೆ ಹೋಗಿ. ಗೋದಲಿಯನ್ನ ಹಬ್ಬ ಆದ ಮೇಲೂ ಜನವರಿ ಮೊದಲ ವಾರದವರೆಗೆ ಆರಾಮಾಗಿ ಮಕ್ಕಳನ್ನ ಕರ್ಕೊಂಡು ನೋಡಬಹುದು. ಗೋದಲಿ ಕೆಲಸಕ್ಕೆ ಸೇರ್ಬೇಕು ಅಥವಾ ಬಡವರಿಗೆ ಕೊಡೋದಕ್ಕೆ ಏನಾದ್ರೂ ಸೇರಿಸ್ಬೇಕು ಅಂತ ಇದ್ರೆ ನಿಮ್ಮ ರಸ್ತೆಯ ಗುರಿಕಾರರು ಯಾರು ಅಂತ ಚರ್ಚ್ ಆಫೀಸಲ್ಲಿ ಕೇಳಿ, ಡಿಸೆಂಬರ್ 15ರ ಒಳಗೆ ಕೇಳಿ, ಆಮೇಲೆ ಅವರಿಗೆ ಮಾತಾಡೋಕೂ ಪುರುಸೊತ್ತು ಇರೋದಿಲ್ಲ.